ಮೊದಲು ಬಿಸಿನೀರು

ಜಳಕದ ನೀರು ಬೆರೆಸುವುದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಬಕೆಟ್ಟಿಗೆ ಮೊದಲು ಬಿಸಿನೀರು, ಆಮೇಲೆ ಅದರ ಮೇಲೆ ತಣ್ಣೀರು. ಉಲ್ಟಾ ಮಾಡಿದರೆ ಮೊಣಕೈ ಮೇಲೆ ಒಂದು ಏಟು ಬೀಳುತ್ತಿತ್ತು. ಯಾಕೆ ಎಂದು ಕೇಳಿದರೆ, "ಎಲ್ಲಾದಕ್ಕೂ ಯಾಕ ಅಂತ ಕೇಳಬ್ಯಾಡ, ಹೇಳಿದಂಗ ಮಾಡು" ಅನ್ನುತ್ತಿದ್ದಳು. ಆಗ ನಾವು ಕಲಬುರಗಿ ಕಡೆಯಿಂದ ಪುಣೆಗೆ ಬಂದು, ವಾಕಡದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಗಳ ಬುಡದಲ್ಲಿ ತಗಡಿನ ಪತ್ರಾ ಶೆಡ್ಡಿನಲ್ಲಿ ಇದ್ದೆವು. ಅವ್ವ ಇರಲಿಲ್ಲ, ನನಗೆ ಅಕ್ಕನೇ ಎಲ್ಲ. ಹಗಲೆಲ್ಲ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವಳು ಸಂಜೆ ಮುರಿದ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಉರಿಸಿ, ಎಣ್ಣೆ ಡಬ್ಬಿಯಲ್ಲಿ ನೀರು ಕಾಸುತ್ತಿದ್ದಳು. ಆ ಹಲಗೆಗಳಲ್ಲಿ ಮೊಳೆಗಳಿರುತ್ತಿದ್ದವು, ತಣ್ಣಗಾದ ಬೂದಿಯಿಂದ ಅವನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಡಬ್ಬಿಯಲ್ಲಿ ಒಬ್ಬರಿಗಾಗುವಷ್ಟು ನೀರು ಮಾತ್ರ ಕಾಯುತ್ತಿತ್ತು. ಅದು ನನಗೆ. ಅಕ್ಕ ಡ್ರಮ್ಮಿನ ತಣ್ಣೀರು ಸುರಿದುಕೊಂಡು, "ನನಗ ಬಿಸಿನೀರು ಸೇರಂಗಿಲ್ಲ, ಮೈ ತುರಿಸ್ತದ" ಅನ್ನುತ್ತಿದ್ದಳು.

ಆ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ.

ಈಗ ನಮ್ಮ ಮನೆ ಕೊಂಢವಾದಲ್ಲಿ. ನಮ್ಮ ಮನೆಯವರು ಮೊದಲು ಹಿಂಜವಡಿಯ ಕಂಪನಿಗಳಿಗೆ ನೌಕರರನ್ನು ಒಯ್ಯುವ ಬಸ್ಸು ಓಡಿಸುತ್ತಿದ್ದರು. ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದಾಗ ಬಸ್ಸುಗಳು ನಿಂತವು. ಸುಮ್ಮನೆ ಕೂರುವ ಮನುಷ್ಯ ಅಲ್ಲ ಅವರು. ಒಂದು ಹಳೆಯ ಮಿನಿಬಸ್ಸು ಹಿಡಿದು, ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಬಿಟ್ಟು, ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಪುಟ್ಟ ಬಚ್ಚಲು ಎಲ್ಲ ಮಾಡಿಸಿದರು. ಅದನ್ನು ಬಾಡಿಗೆಗೆ ತೆಗೆದುಕೊಂಡು ಕೊಂಕಣಕ್ಕೆ, ಮಹಾಬಳೇಶ್ವರಕ್ಕೆ ಹೋಗುವ ಐಟಿ ಹುಡುಗ ಹುಡುಗಿಯರು ಕ್ಯಾರವಾನ್ ಅನ್ನುತ್ತಾರೆ. ನಾವು ಗಾಡಿ ಅನ್ನುತ್ತೇವೆ. ಅಕ್ಕ ಮಾತ್ರ "ನಡಿಯೂ ಮನಿ" ಅನ್ನುತ್ತಿದ್ದಳು. ಮಂದಿಗೆ ಅಷ್ಟು ಮನೆ ಕಟ್ಟಿಕೊಟ್ಟವಳಿಗೆ ಗಾಲಿ ಇರುವ ಮನೆ ಅಂದರೆ ನಗು ಬರುತ್ತಿತ್ತು.

ಗಾಡಿ ಓಡಿಸುವುದು ಅವರು, ಉಳಿದದ್ದೆಲ್ಲ ನಾನು. ಬಂದವರು ಹೋದ ಮೇಲೆ ಹಾಸಿಗೆ ಬಟ್ಟೆ ಒಗೆಯುವುದು, ಬಚ್ಚಲು ತಿಕ್ಕುವುದು, ಮರಳು ಗುಡಿಸುವುದು. ಮನೆಯವರಿಗೆ ಇರುವುದು ಒಂದೇ ಚಿಂತೆ, ನೀರಿನ ಟಾಂಕಿ. ಬಾಡಿಗೆಗೆ ಬಂದವರಿಗೆಲ್ಲ ಗಾಡಿಯ ಬೀಗದ ಕೈ ಕೊಡುವ ಮೊದಲು ನೀರಿನ ಬಗ್ಗೆ ಭಾಷಣ ಮಾಡುತ್ತಾರೆ. ಹಲ್ಲು ಉಜ್ಜುವಾಗ ನಳ ಬಿಡಬೇಡಿ, ಪಾತ್ರೆ ತೊಳೆಯುವಾಗ ಬಿಡಬೇಡಿ. ಅಕ್ಕ ಅವರಿಗೆ "ನೀರಿನ ಸಾವಕಾರ" ಅಂತ ಹೆಸರಿಟ್ಟಿದ್ದಳು. ಅವರೂ ಅದನ್ನು ಬಿರುದು ಅಂತಲೇ ತಿಳಿದುಕೊಂಡಿದ್ದರು.

ಅಕ್ಕನಿಗೆ ಮದುವೆ ಆಗಿತ್ತು, ಒಗೆತನ ಆಗಲಿಲ್ಲ. ಗಂಡ ಬೇರೆ ದಾರಿ ಹಿಡಿದ. ಅವಳ ದೇಹ ದಣಿದ ಮೇಲೆ ನಾನೇ ಜಗಳ ಮಾಡಿ ಅವಳನ್ನು ನಮ್ಮ ಮನೆಗೆ ಕರೆತಂದೆ. ಬಂದ ಸ್ವಲ್ಪ ದಿನಕ್ಕೇ ಹೊಟ್ಟೆ ನೋವು ಶುರುವಾಯಿತು. ಕರುಳಿನ ಕ್ಯಾನ್ಸರ್ ಅಂದರು. ಆಪರೇಷನ್ ಮಾಡಿ ಹೊಟ್ಟೆಯ ಪಕ್ಕಕ್ಕೆ ಒಂದು ಚೀಲ ಅಂಟಿಸಿದರು, ಸಂಡಾಸು ಅದರಲ್ಲೇ ಬರುತ್ತಿತ್ತು. ಆಮೇಲೆ ಸಲೈನಿನಲ್ಲಿ ಹನಿಹನಿಯಾಗಿ ಔಷಧ ಹಾಕತೊಡಗಿದರು. ಆ ಔಷಧದ ಗುಣ ವಿಚಿತ್ರ. ಅದು ಮೈಗೆ ಹೋದ ಮೇಲೆ ತಣ್ಣನೆಯದು ಯಾವುದೂ ತಡೆಯುವುದಿಲ್ಲ. ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಳ್ಳುತ್ತದೆ, ತಣ್ಣನೆಯ ಸ್ಟೀಲು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ಡಾಕ್ಟರು ಮೊದಲೇ ಹೇಳಿದ್ದರು, ನನಗೆ ಅರ್ಥವಾಗಿರಲಿಲ್ಲ. ಮನೆಗೆ ಬಂದು ಅಕ್ಕ ನಳದ ಕೆಳಗೆ ಕೈ ಹಿಡಿದಳು, ಹಿಡಿದವಳು ಕೈಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ಸಿಮೆಂಟ್ ತೊಳೆಯಲು ಡ್ರಮ್ಮಿನ ನೀರಿನಲ್ಲಿ ಚಳಿಗಾಲವೆಲ್ಲ ಕೈ ಅದ್ದಿದವಳು ಅವಳು. ಅಂದಿನಿಂದ ಬಾಗಿಲ ಚಿಲಕವನ್ನೂ ಸೆರಗಿನಿಂದಲೇ ಹಿಡಿಯುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಗೊತ್ತಾಗದೆ ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಜೇಜುರಿಯ ಹರಕೆ ಅವಳದು. ನಮ್ಮ ಕಡೆಯವರಿಗೆ ಆ ದೇವರು ಮೈಲಾರಲಿಂಗ, ಮಲ್ಲಯ್ಯ. ಇಲ್ಲಿಯವರಿಗೆ ಖಂಡೋಬಾ. ಮೈಯಲ್ಲಿ ಶಕ್ತಿ ಇರುವವರೆಗೆ ಅಕ್ಕ ಅಲ್ಲಿಗೆ ಹೋಗಿ, ಅಲ್ಲೇ ಜಳಕ ಮಾಡಿ, ಹಣೆ ತುಂಬ ಅರಿಶಿನದ ಭಂಡಾರ ಹಚ್ಚಿಕೊಂಡು ಬರುತ್ತಿದ್ದಳು. ಆಪರೇಷನ್ನಿಗೆ ಒಳಗೆ ಒಯ್ಯುವ ಮುಂಚೆ, "ಎದ್ದು ಬಂದ್ರ ಬಂದು ಜಳಕ ಮಾಡ್ತೀನಪ್ಪಾ" ಅಂತ ಹರಕೆ ಹೊತ್ತಿದ್ದಳಂತೆ. ಅದನ್ನು ನನಗೆ ಹೇಳಿದ್ದು ಡಾಕ್ಟರು ಮುಂದಿನ ಔಷಧಕ್ಕೆ ದಿನ ಕೊಟ್ಟ ಮೇಲೆ. ಆ ದಿನ ಬರುವುದರೊಳಗೆ ಹೋಗಿಬರಬೇಕು, ಆಮೇಲೆ ಏಳಲು ಆಗುತ್ತದೋ ಇಲ್ಲವೋ ಅಂದಳು.

"ಮನ್ಯಾಗ ಬಿಸಿನೀರು ಹಾಕ್ತೀನಿ, ಜಳಕ ಮಾಡ್ಕೊಂಡೇ ಹೋಗಮು" ಅಂದೆ.

"ಮನ್ಯಾಗ ಜಳಕ ಮಾಡಿ ಹೋದ್ರ ಅದು ಬೀಗರ ಮನಿಗಿ ಹೋದಂಗ. ಅಲ್ಲೇ ಮೈಮ್ಯಾಲ ನೀರು ಬೀಳಬೇಕು" ಅಂದಳು.

"ಲಾಡ್ಜಿನ್ಯಾಗ ಬಕೆಟ್ ಬಿಸಿನೀರು ಕೊಡ್ತಾರ."

"ಈ ಚೀಲ ಕಟ್ಗೊಂಡು ಮಂದಿ ಬಚ್ಚಲಕ್ಕ ನಾ ಹೋಗಂಗಿಲ್ಲ."

ಆಸ್ಪತ್ರೆಯ ಸಂಡಾಸಿನಲ್ಲಿ ಆ ಚೀಲ ತೊಳೆಯುವಾಗ ಹೊರಗೆ ನಿಂತವರು ಬಾಗಿಲು ಬಡಿದದ್ದನ್ನು ನಾನೂ ನೋಡಿದ್ದೆ. ಅವಳಿಗೆ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ, ಮಲಗಿಕೊಂಡೇ ಹೋಗಬೇಕು. ಚೀಲ ತೊಳೆಯಲು ಯಾವಾಗ ಬೇಕಾದರೂ ಬಚ್ಚಲು ಬೇಕು. ನಮ್ಮ ಅಂಗಳದಲ್ಲೇ ಹಾಸಿಗೆ, ಬಚ್ಚಲು, ಗೀಝರ್ ಎಲ್ಲ ಇರುವ ಗಾಡಿ ನಿಂತಿತ್ತು. ಮನೆಯವರು ಆ ವಾರದ ಬಾಡಿಗೆಯವರಿಗೆ ಫೋನ್ ಮಾಡಿ ಗಾಡಿ ಇಲ್ಲ ಅಂದುಬಿಟ್ಟರು. ಆದರೆ ಗೀಝರ್ ಕೆಟ್ಟಿತ್ತು.

ಕೆಟ್ಟಿತ್ತು ಅಂದರೆ ಪೂರ್ತಿ ಸತ್ತಿರಲಿಲ್ಲ. ಹಿಂದಿನ ಸಲ ಗಾಡಿ ಒಯ್ದಿದ್ದ ಬೆಂಗಳೂರು ಕಡೆಯ ಹುಡುಗಿ ಹೇಳಿ ಹೋಗಿದ್ದಳು: "ಆಂಟಿ, ಎಲ್ಲಾ ಸೂಪರ್ ಆಗಿತ್ತು, ಬಟ್ ಹಾಟ್ ವಾಟರ್ ಜಸ್ಟ್ ಉಗುರು ಬೆಚ್ಚಗೆ ಬರ್ತಿದೆ." ಅವಳಿಗೆ ಉಗುರು ಬೆಚ್ಚಗೆ ಸಾಕಾಗಿತ್ತು. ಅಕ್ಕನಿಗೆ ಅದು ತಣ್ಣೀರೇ.

ಮನೆಯವರು ವರ್ಕ್‌ಶಾಪಿನವನನ್ನು ಕರೆತಂದರು. ಅವನೇ ಗಾಡಿಯ ಒಳಗಿನ ಕೆಲಸ ಮಾಡಿದವನು. ಟಾರ್ಚ್ ಬಿಟ್ಟು ನೋಡಿ, ತಲೆ ಕೆರೆದುಕೊಂಡು, "ವಹಿನಿ, ಪೂರ್ಣ ಭಿಂತ ಕಾಢಾವಿ ಲಾಗೇಲ" ಅಂದ. ಬಚ್ಚಲಿನ ಗೋಡೆ ಪೂರ್ತಿ ಬಿಚ್ಚಬೇಕಂತೆ. ಗೋಡೆ ಬಿಚ್ಚಿದರೆ ಹಾಸಿಗೆಯ ಚೌಕಟ್ಟೂ ಬಿಚ್ಚಬೇಕು. ತನ್ನಲ್ಲಿ ಸಾಲುಗಟ್ಟಿ ಗಾಡಿಗಳು ನಿಂತಿವೆ, ಮುಂದಿನ ತಿಂಗಳು ತನ್ನಿ ಅಂದ. ಆ ಗೀಝರನ್ನು ಹಿಂದಿನ ಗಾಲಿಯ ಡಬ್ಬಿಗೂ ಬಚ್ಚಲಿಗೂ ನಡುವಿನ ಮೂಲೆಯಲ್ಲಿ, ಹಾಸಿಗೆಯ ಅಡಿಗೆ ಮೊದಲು ಕೂಡಿಸಿ, ಆಮೇಲೆ ಅದರ ಸುತ್ತ ಗೋಡೆ ಕಟ್ಟಿದ್ದರು. ಹಾಗಾದರೆ ಅದು ಕೆಟ್ಟಾಗ ಯಾರು ರಿಪೇರಿ ಮಾಡಬೇಕು, ಇಲಿಗಳೇನು ಅಂತ ಮರಾಠಿಯಲ್ಲೇ ಕೇಳಿದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಮುಂದಿನ ತಿಂಗಳು ಅಂತ ಅವನು ಎಷ್ಟು ಸುಲಭವಾಗಿ ಹೇಳಿದ.

ಹೋಗುವಾಗ ಒಂದು ಉಪಕಾರ ಮಾಡಿದ. ಟ್ಯಾಂಕರಿನ ಸವಳು ನೀರು ಹಾಕೀ ಹಾಕೀ ಒಳಗಿನ ಕಾಯಿಲ್ ಸುಣ್ಣ ಕಟ್ಟಿದೆ, ಅದನ್ನು ಹೊರಗೆ ತೆಗೆದು ಲಿಂಬೆಹುಳಿ ಪುಡಿಯ ಬಿಸಿನೀರಿನಲ್ಲಿ ನೆನೆಹಾಕಿದರೆ ಸರಿಹೋಗುತ್ತದೆ ಅಂದ. ಹಾಸಿಗೆಯ ಅಡಿಯ ಕಪಾಟಿನ ಹಿಂದೆ ಚೊಂಬಿನ ಬಾಯಿಯಷ್ಟು ಅಗಲದ ಒಂದು ಕಿಂಡಿ ಇದೆ. ಅದರಲ್ಲಿ ಕೈ ಪೂರ್ತಿ ಇಳಿಸಿ, ಗಾಲಿಯ ಡಬ್ಬಿಯನ್ನು ಬಳಸಿ ಮೊಣಕೈ ಬಗ್ಗಿಸಿದರೆ ಕಾಯಿಲಿನ ನಟ್ಟು ಸಿಗುತ್ತದೆ. "ಪಣ್ ಹಾತ ಜಾತ ನಾಹೀ" ಅಂದ. ಆದರೆ ಕೈ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ನಾವೇ ಕೂತೆವು. ಮನೆಯವರು ಗಾಡಿಗೆ ಬರುವ ಕರೆಂಟಿನ ವೈರು ಕಿತ್ತು ಅದರ ಪ್ಲಗ್ಗನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಕೆಲಸ ಮುಗಿಯೂತನಕ ಇದು ನಿನ್ನ ಉಡಿಯಾಗ ಇರಲಿ" ಅಂದರು. ಗೀಝರಿನ ನೀರನ್ನೆಲ್ಲ ಹೊರಗೆ ಬಿಟ್ಟರು. ಆ ನೀರನ್ನೂ ಚೆಲ್ಲದೆ ಕೊಡಗಳಲ್ಲಿ ಹಿಡಿದಿಟ್ಟರು, ಸಾವಕಾರರಲ್ಲವೆ. ಆಮೇಲೆ ಕಪಾಟಿನೊಳಗೆ ತಲೆ ತೂರಿಸಿ ಮಲಗಿ ಕಿಂಡಿಗೆ ಕೈ ಹಾಕಿದರು. ಮೊಣಕೈ ತನಕ ಹೋಗಿ ಕೈ ಸಿಕ್ಕಿಕೊಂಡಿತು. ಎಡಗೈ ಹಾಕಿದರು, ಅದೂ ಅಷ್ಟೇ. ಚರ್ಮ ಕಿತ್ತು ರಕ್ತ ಬಂತು.

"ಸರೀರಿ, ನಾ ನೋಡ್ತೀನಿ" ಅಂತ ನಾನು ಬಳೆ ತೆಗೆದಿಟ್ಟು ಮಲಗಿದೆ. ನನ್ನ ಕೈ ಮೊಣಕೈ ದಾಟಿ ಸ್ವಲ್ಪ ಹೋಯಿತು, ತೋಳಿನ ಹತ್ತಿರ ನಿಂತಿತು. ಬೆರಳ ತುದಿಗೆ ಏನೋ ತಾಗಿತು, ಹಿಡಿಯಲು ಆಗಲಿಲ್ಲ. ಒತ್ತಿದೆ, ತಿರುವಿದೆ, ಆ ಗೋಡೆ ಕಟ್ಟಿದವನ ವಂಶವನ್ನೆಲ್ಲ ಬೈದೆ. ಕಪಾಟಿನೊಳಗೆ ಮುಖ ಇಟ್ಟುಕೊಂಡೇ ಅಳು ಬಂತು. ತಿಂದು ತಿಂದು ಬೆಳೆಸಿದ ಈ ತೋಳು ಯಾಕೆ ಬೇಕಿತ್ತು ಅನ್ನಿಸಿತು.

ಅಕ್ಕ ಗಾಡಿಯ ಬಾಗಿಲಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು, ಸ್ವೆಟರು ಕಾಲುಚೀಲ ಹಾಕಿಕೊಂಡು ಕೂತಿದ್ದಳು. "ಇಬ್ಬರೂ ಸರೀರಿ. ನನ್ನ ಕೈ ಹೋಗತದ" ಅಂದಳು.

"ನೀ ಸುಮ್ಕ ಕೂಡು."

"ಯಾಕ ಸುಮ್ಕ ಕೂಡ್ಲಿ? ಜಳಕ ಯಾರದು, ನಿಂದೇನು?"

"ಗೀರಿದ್ರ ರಕ್ತ ನಿಲ್ಲಂಗಿಲ್ಲಂತ ಡಾಕ್ಟರ್ ಹೇಳ್ಯಾರ. ಕಬ್ಬಣ ಮುಟ್ಟಿದ್ರ ಹ್ಯಾಂಗ ಆಗತದ ಗೊತ್ತದ ಇಲ್ಲ? ನಿನಗ ಏನರ ಆದ್ರ ನಾ ಯಾರ ಮುಂದ ಅಳಲಿ?" ನನ್ನ ದನಿ ಏರಿತ್ತು.

ಅವಳು ಸ್ವೆಟರಿನ ತೋಳನ್ನು ಭುಜದ ತನಕ ಏರಿಸಿದಳು. ದಿನಾ ಅವಳಿಗೆ ನೀರು ಹಾಕುತ್ತಿದ್ದವಳು ನಾನೇ, ಆದರೂ ಆ ತೋಳನ್ನು ಬಿಸಿಲಿನಲ್ಲಿ ಹಾಗೆ ನೋಡಿರಲಿಲ್ಲ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಕಟ್ಟಡದ ಮೆಟ್ಟಿಲು ಹತ್ತಿದ ತೋಳು ಅದು. ಈಗ ಎಲುಬಿನ ಮೇಲೆ ಚರ್ಮ ಸಡಿಲವಾಗಿ ಜೋತಿತ್ತು, ಹಸಿರು ಬಳೆಗಳು ಮೊಣಕೈವರೆಗೂ ತಡೆಯಿಲ್ಲದೆ ಜಾರುತ್ತಿದ್ದವು. ಅವಳು ಅವನ್ನು ಒಂದೊಂದಾಗಿ ತೆಗೆದು ನನ್ನ ಉಡಿಯಲ್ಲಿ, ಆ ಪ್ಲಗ್ಗಿನ ಪಕ್ಕ ಹಾಕಿದಳು.

"ಬ್ಯಾನಿ ಒಂದು ಕೆಲಸಕ್ಕರ ಬಂತಲ್ಲ" ಅಂದಳು.

ಮನೆಯವರು ಮುಖ ತಿರುಗಿಸಿಕೊಂಡರು. ನಾನು ಕಪಾಟಿನೊಳಗೆ ದುಪ್ಪಟ ಹಾಸಿದೆ. ಕಿಂಡಿಯ ಅಂಚಿಗೆ ಹಳೆಯ ಬಟ್ಟೆ ಸುತ್ತಿ ಟೇಪು ಹಚ್ಚಿದೆ. ನಟ್ಟು ಬಿಚ್ಚುವ ಪಾನಾ ತಣ್ಣಗಿತ್ತು. ಅದನ್ನು ಮನೆಗೆ ಒಯ್ದು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಹಿಡಿಕೆಗೆ ಬಟ್ಟೆ ಸುತ್ತಿ ತಂದುಕೊಟ್ಟೆ. ಒಳಗಿನ ನಟ್ಟು ತಣ್ಣಗೆ ಇರುತ್ತದಲ್ಲ ಎಂಬುದು ಆಮೇಲೆ ಹೊಳೆದು ಗಾಬರಿಯಾಯಿತು. ಅಷ್ಟರಲ್ಲಿ ಅವಳ ಕೈ ಕಿಂಡಿಯಲ್ಲಿ ಇಳಿಯುತ್ತಿತ್ತು. ಮುಂಗೈ, ಮೊಣಕೈ, ತೋಳು, ಭುಜದ ತನಕ, ಎಲ್ಲೂ ತಡೆಯದೆ ಹೋಯಿತು.

"ಒಳಗ ಬೆಚ್ಚಗದಲ್ಲ" ಅಂದಳು ಅಕ್ಕ, ಅಚ್ಚರಿಯಿಂದ.

ಮನೆಯವರು ನೆಲ ನೋಡುತ್ತ, "ನಸುಕಿನ್ಯಾಗೇ ಗೀಝರ್ ಹಚ್ಚಿಟ್ಟಿದ್ದೆ. ಅದರ ಮೈಯರ ಬೆಚ್ಚಗಿರಲಿ ಅಂತ" ಅಂದರು. ಯಾರ ಕೈ ಹೋಗಬೇಕಾಗುತ್ತದೆ ಅನ್ನುವುದು ಅವರಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲು ಅವರಿಂದ ಆಗಿರಲಿಲ್ಲ. ಅದಕ್ಕೇ ಎರಡೂ ಕೈ ಹಾಕಿ ಚರ್ಮ ಸುಲಿದುಕೊಂಡಿದ್ದರು.

ಔಷಧದಿಂದ ಅಕ್ಕನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಕುಪ್ಪಸದ ಗುಂಡಿಯೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬೆರಳನ್ನು ಮಡಚಿ ಗೆಣ್ಣಿನಿಂದ ತಡವುತ್ತ, "ಇದೊಂದು ಪೈಪ್ ಇದ್ದಂಗ ಅದ, ಇದು ವೈರು" ಅಂತ ಹೇಳುತ್ತ ಹೋದಳು. ವೈರುಗಳನ್ನು ಎಳೆದು ಬಿಡಿಸಿದಳು. ನಟ್ಟು ಸಿಕ್ಕಿತು. ಪಾನಾ ಕೂಡಿಸಿದಳು, ಅದು ಜಾರಿತು. ಮತ್ತೆ ಕೂಡಿಸಿದಳು. ಅವಳ ಕೆನ್ನೆ ಕಪಾಟಿನ ಹಲಗೆಗೆ ಒತ್ತಿಕೊಂಡಿತ್ತು, ಕಣ್ಣು ಮುಚ್ಚಿದ್ದಳು, ಹಣೆಯ ಮೇಲೆ ಬೆವರು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಸಾಕು ತೆಗಿ, ಸಾಕು ತೆಗಿ ಅನ್ನುತ್ತಿದ್ದೆ. ಅವಳು, "ಬಾಯಿ ಮುಚ್ಚು, ನಟ್ಟು ತಿರಗಲಾಕ್ಕತ್ತದ" ಅಂದಳು.

ಕಾಯಿಲ್ ಹೊರಗೆ ಬಂದಾಗ ಅದು ಕಾಯಿಲ್ ಅಂತ ಗುರುತೇ ಸಿಗಲಿಲ್ಲ. ಮೈತುಂಬ ಬಿಳಿ ಸುಣ್ಣದ ಗಟ್ಟಿ ಪದರ. ಅಕ್ಕ ಅದನ್ನು ಸೆರಗಿನಲ್ಲಿ ಹಿಡಿದು ತಿರುಗಿಸಿ ನೋಡಿ, "ಇದಕ್ಕೂ ಒಳಗ ಗಡ್ಡಿ ಬೆಳದದ ನೋಡು" ಅಂದಳು. ಅವಳ ಹೊಟ್ಟೆಯ ಗಡ್ಡೆಯ ಬಗ್ಗೆ ಮನೆಯಲ್ಲಿ ಯಾರೂ ಹಾಗೆ ಸೀದಾ ಮಾತಾಡುತ್ತಿರಲಿಲ್ಲ. ನಾನು ಕಾಯಿಲ್ ಕಸಿದುಕೊಂಡು ಒಳಗೆ ಹೋದೆ.

ಮಧ್ಯಾಹ್ನವೆಲ್ಲ ಅದು ಹುಳಿನೀರಿನಲ್ಲಿ ಬುರುಗು ಬಿಡುತ್ತ ಕೂತಿತು, ಅಕ್ಕ ಗಾಡಿಯ ಹಾಸಿಗೆಯಲ್ಲೇ ಮಲಗಿದ್ದಳು. ಬಿಸಿಲು ಇಳಿಯುವ ಮುಂಚೆ ಮತ್ತೆ ಕೈ ಹಾಕಿ, ಹೊಸ ವಾಷರ್ ಇಟ್ಟು, ಕಾಯಿಲ್ ಕೂಡಿಸಿ ನಟ್ಟು ಬಿಗಿದಳು. ತೋಳಿನ ಮೇಲೆ ಉದ್ದಕ್ಕೂ ನೀಲಿ ಕಲೆ ಎದ್ದಿತ್ತು. ಮನೆಯವರು ನೀರು ತುಂಬಿಸಿ, ಸೋರುತ್ತದೋ ಅಂತ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಸೋರಲಿಲ್ಲ. ಉಡಿಯಿಂದ ಪ್ಲಗ್ ತೆಗೆದು ಅವರಿಗೆ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಬಚ್ಚಲಿನ ನಳ ತಿರುವಿದಾಗ ಮೊದಲು ಪೈಪಿನಲ್ಲಿ ನಿಂತಿದ್ದ ತಣ್ಣೀರು ಬಂತು, ಆಮೇಲೆ ಬೆಚ್ಚಗಿನ ನೀರು, ಆಮೇಲೆ ಹಬೆ. ಅಕ್ಕ ಕೈ ಚಾಚಿ ನೀರಿಗೆ ಹಿಡಿದಳು. ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಜೇಜುರಿಗೆ ಜಾತ್ರೆ ಗೀತ್ರೆ ಇಲ್ಲದ ಒಂದು ಸಾದಾ ದಿನ ನೋಡಿ ಹೋದೆವು. ಬೋಪದೇವ ಘಾಟ್ ಹತ್ತುವಾಗ ಮನೆಯವರು ಅಕ್ಕನಿಗೆ ಕುಲುಕಬಾರದೆಂದು ಎಷ್ಟು ನಿಧಾನ ಓಡಿಸಿದರೆಂದರೆ ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದು ಮುಂದೆ ಹೋದರು. ಅಕ್ಕ ಮಲಗಿಕೊಂಡೇ ಕಿಟಕಿಯಿಂದ ನೋಡುತ್ತಿದ್ದಳು. ಸಾಸವಡ ದಾಟಿದ ಮೇಲೆ, "ಇಷ್ಟು ವರ್ಷ ಈ ದಾರೀಲೆ ಲಾರ‍್ಯಾಗ ನಿಂತ್ಕೊಂಡೇ ಹೋಗೀನಿ. ಮಕ್ಕೊಂಡು ನೋಡಿದ್ರ ಮುಗಿಲಷ್ಟೇ ಕಾಣಸ್ತದ" ಅಂದಳು.

ಗುಡ್ಡದ ಕೆಳಗೆ ಒಂದು ಲಾಡ್ಜಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಲಾಡ್ಜಿನವನು ಒಳ್ಳೆಯವನು, ಕರೆಂಟಿಗೆ ವೈರು ಹಾಕಿಕೊಳ್ಳಿ ಅಂದ. ಅಲ್ಲಿಂದ ಗುಡಿಗೆ ಹತ್ತುವ ಪಾವಟಿಗೆಗಳು ಕಾಣುತ್ತಿದ್ದವು, ಭಂಡಾರ ಬಿದ್ದು ಬೇಸಿಗೆಯ ಬಿಸಿಲಿನಲ್ಲಿ ಹಳದಿಯಾಗಿದ್ದವು. ಮೇಲೆ ಹತ್ತುವ ಮಂದಿ "ಯೆಳಕೋಟ ಯೆಳಕೋಟ" ಅನ್ನುತ್ತಿದ್ದರು. ಅಕ್ಕ ಎಂದಿನಂತೆ, "ಅದು ನಮ್ಮ ಕನ್ನಡದ ಏಳು ಕೋಟಿ. ಇವ್ರಿಗಿ ಅರ್ಥನೇ ಗೊತ್ತಿಲ್ಲ" ಅಂತ ಹೆಮ್ಮೆಯಿಂದ ಹೇಳಿದಳು. ಹತ್ತುವುದು ಆಗದ ಮಾತು. ಜಳಕ ಮಾಡಿ, ಕೆಳಗಿನ ಮೊದಲ ಪಾವಟಿಗೆ ಮುಟ್ಟಿ ನಮಸ್ಕಾರ ಮಾಡಿದರೆ ಮಲ್ಲಯ್ಯನಿಗೆ ಮುಟ್ಟುತ್ತದೆ ಅಂತ ಅವಳೇ ಗೊತ್ತುಮಾಡಿಕೊಂಡಿದ್ದಳು.

ನಾನು ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವಳನ್ನು ಕೂಡಿಸಿ, ಚೀಲಕ್ಕೆ ನೀರು ತಾಗದಂತೆ ಕವರು ಕಟ್ಟುತ್ತಿದ್ದೆ. "ಬಕೆಟ್ ತುಂಬಿ ಕೊಡ್ರಿ" ಅಂತ ಮನೆಯವರಿಗೆ ಕೂಗಿದೆ. ಅವರು ಹೊರಗಿನಿಂದ, ಅಡುಗೆ ಕಟ್ಟೆಯ ಪಕ್ಕದ ನಳದಲ್ಲಿ ಹಿಡಿದು, ಬಾಗಿಲು ಸ್ವಲ್ಪ ತೆಗೆದು ಬಕೆಟ್ ಒಳಗೆ ಸರಿಸಿದರು. ಹಬೆ ಆಡುತ್ತಿತ್ತು. ನಾನು ಚೊಂಬು ಅದ್ದಿದೆ. ಹದವಾಗಿತ್ತು. ತಣ್ಣೀರು ಬೆರೆಸುವ ಅವಶ್ಯಕತೆಯೇ ಇರಲಿಲ್ಲ. ಆಗ ನನಗೆ ಗೊತ್ತಾಯಿತು.

"ಏನ್ರಿ, ಮೊದ್ಲು ಬಂದ ತಣ್ಣೀರು ಏನ ಮಾಡಿದ್ರಿ?"

"ಚೆಲ್ಲೂದು ಎದಕ್ಕಂತ ಬಕೆಟ್ಟಿನ್ಯಾಗೇ ಹಿಡದೀನಿ" ಅಂದರು, ತಮ್ಮ ಉಳಿತಾಯ ಹೇಳಿಕೊಳ್ಳುವ ದನಿಯಲ್ಲಿ.

ತಣ್ಣೀರು ಕೆಳಗೆ, ಅದರ ಮೇಲೆ ಬಿಸಿನೀರು. ನಮ್ಮಲ್ಲಿ ಹಾಗೆ ಬೆರೆಸುವುದು ಹೆಣಕ್ಕೆ ಮಾತ್ರ. ಬದುಕಿದವರಿಗೆ ಮೊದಲು ಬಿಸಿನೀರು, ಸತ್ತವರಿಗೆ ಮೊದಲು ತಣ್ಣೀರು. ನನಗೆ ಚಿಕ್ಕಂದಿನಲ್ಲಿ ಮೊಣಕೈ ಮೇಲೆ ಬೀಳುತ್ತಿದ್ದ ಏಟು ಅದಕ್ಕೇ. ನಮ್ಮ ಗಂಡಸರಿಗೆ ಅದು ಗೊತ್ತಿರುವುದಿಲ್ಲ, ಬೆರೆಸಿ ಇಟ್ಟ ನೀರಿಗೆ ಹೋಗಿ ಕೂರುವವರು ಅವರು. ಇದೊಂದು ದಿನ, ಇದೊಂದು ಬಕೆಟ್ಟಿಗೆ ಅಷ್ಟೆಲ್ಲ ಮಾಡಿದೆವಲ್ಲ. "ನಿಮ್ಮ ಉಳಿತಾಯಕ್ಕ ಬೆಂಕಿ ಹಚ್ಚ" ಅಂತ ಕಿರುಚಿ ಬಕೆಟ್ ಎತ್ತಿ ಚೆಲ್ಲಲು ಹೋದೆ.

ಅಕ್ಕ ಬಕೆಟ್ಟಿನ ಅಂಚು ಹಿಡಿದುಕೊಂಡಳು. ಅವಳಿಗೂ ಗೊತ್ತಾಗಿತ್ತು, ನನಗಿಂತ ಮುಂಚೆ.

"ಚೆಲ್ಲಬ್ಯಾಡ. ಗೀಝರ್ ಸಣ್ಣದು, ಮತ್ತ ಕಾಯೂತನಕ ನನಗ ಕೂಡಲಾಕ ಆಗಂಗಿಲ್ಲ."

"ಒಲ್ಲೆ. ಈ ನೀರು ನಾ ನಿನ್ನ ಮೈಮ್ಯಾಲ ಹಾಕಂಗಿಲ್ಲ."

"ಹುಚ್ಚಿ, ಯಾವ ನೀರು ಮೊದ್ಲು ಬಿತ್ತಂತ ಮಲ್ಲಯ್ಯ ಬಂದು ನೋಡಂಗಿಲ್ಲ. ಹಾಕು. ನೀರು ಭಾಳ ಚಲೋ ಬೆಚ್ಚಗ ಅದಾವ."

ಹಾಕಿದೆ. ಅಳುತ್ತಲೇ ಹಾಕಿದೆ. ಅವಳು ಕಣ್ಣು ಮುಚ್ಚಿಕೊಂಡು, ಬೆನ್ನು ಬಗ್ಗಿಸಿ, ಕುತ್ತಿಗೆಯ ಮೇಲೆ, ಹೆಗಲ ಮೇಲೆ, ಇಲ್ಲಿ ಹಾಕು, ಅಲ್ಲಿ ಹಾಕು ಅಂತ ತೋರಿಸುತ್ತಿದ್ದಳು. ಬಕೆಟ್ ತಳ ಕಾಣುವ ಹೊತ್ತಿಗೆ ಒಂದು ಮಾತು ಹೇಳಿದಳು.

"ಬಿಸಿನೀರು ಅಂದ್ರ ನನಗ ಮೊದ್ಲಿಂದಲೂ ಭಾಳ ಸೇರತಾವ."

ಪತ್ರಾ ಶೆಡ್ಡಿನ ಆ ಎಣ್ಣೆ ಡಬ್ಬಿ ನನ್ನ ಕಣ್ಣ ಮುಂದೆ ಬಂತು. ನಾನು ಟವೆಲಿನಿಂದ ಅವಳ ತಲೆ ಒರೆಸಿದೆ. ಆಮೇಲೆ ನಾನೂ ಮನೆಯವರೂ ಸೇರಿ ಅವಳನ್ನು ಮೊದಲ ಪಾವಟಿಗೆಯ ತನಕ ನಡೆಸಿಕೊಂಡು ಹೋದೆವು. ಹಣೆಗೆ ಭಂಡಾರ ಹಚ್ಚಿಕೊಂಡು, ನನಗೂ ಹಚ್ಚಿ, ಪಕ್ಕದಲ್ಲಿ ತಪ್ಪು ಮಾಡಿದ ಮುಖ ಮಾಡಿಕೊಂಡು ನಿಂತಿದ್ದ ಮನೆಯವರಿಗೂ ಹಚ್ಚಿದಳು. "ಸಾವಕಾರ್ರ, ನೀರು ಚಲೋ ಇದ್ದವು" ಅಂದಳು.

ಅಕ್ಕ ಮಳೆಗಾಲ ನೋಡಲಿಲ್ಲ. ಮುಂದಿನ ಔಷಧಕ್ಕೆ ರಕ್ತ ಸಾಲದು ಅಂತ ಡಾಕ್ಟರು ಮುಂದೂಡಿದರು, ಮತ್ತೆ ಮುಂದೂಡಿದರು. ಒಂದು ಮುಂಜಾನೆ ನಾನು ಚಹಾ ತಂದಾಗ ಅವಳು ಹೋಗಿದ್ದಳು. ಕೈ ಮುಟ್ಟಿದೆ, ತಣ್ಣಗಿತ್ತು. ತಣ್ಣನೆಯದನ್ನು ತಡೆಯದವಳ ಕೈ ಅಷ್ಟು ತಣ್ಣಗಿರುವುದು ನನಗೆ ಸಹಿಸಲಾಗಲಿಲ್ಲ. ಸೆರಗಿನಲ್ಲಿ ಸುತ್ತಿ, ತಿಕ್ಕಿ, ಬಹಳ ಹೊತ್ತು ಕೂತಿದ್ದೆ.

ನಮ್ಮ ಕಡೆಯ ಮಂದಿ ಸೇರಿದರು. ಪಕ್ಕದ ಗಲ್ಲಿಯಲ್ಲಿ ಇರುವ, ನಮ್ಮೂರ ಸೀಮೆಯ ಒಬ್ಬ ಹಿರಿಯಾಕೆ ಎಲ್ಲ ಪದ್ಧತಿ ಹೇಳುತ್ತಿದ್ದಳು. ಹೆಣದ ನೀರನ್ನು ಮನೆಯ ಒಲೆಯ ಮೇಲೆ ಕಾಸುವಂತಿಲ್ಲ, ಹೊರಗೆ ಕಲ್ಲು ಹೂಡಿ ಕಾಸಬೇಕು. ನಮ್ಮ ಅಂಗಳ ಸಿಮೆಂಟಿನದು, ಕಟ್ಟಿಗೆ ಎಲ್ಲಿಂದ ತರುವುದು ಅಂತ ಯಾರೋ ಅಂದರು. ಮನೆಯವರು ಹೋಗಿ ಗಾಡಿಗೆ ಕರೆಂಟಿನ ವೈರು ಹಾಕಿದರು. ನೀರು ಕಾಯಿತು, ಅವಳೇ ಬಿಗಿದ ನಟ್ಟಿನ ಹಿಂದೆ.

ಹಿರಿಯಾಕೆ ಗಾಡಿಯ ಬಾಗಿಲ ತನಕ ಬಂದು ಖಾಲಿ ಬಕೆಟ್ ಕೊಟ್ಟು, "ಮೊದ್ಲು ತಣ್ಣೀರು ಹಾಕವ್ವಾ, ಮ್ಯಾಲ ಬಿಸಿನೀರು. ಗೊತ್ತದಲ್ಲ?" ಅಂದಳು.

ನಾನು ನಳ ತಿರುವಿದೆ, ಅದರ ಕೆಳಗೆ ಬಕೆಟ್ ಇಡಲಿಲ್ಲ. ಮೊದಲು ಬಂದ ತಣ್ಣೀರು ಬಚ್ಚಲಿನಲ್ಲಿ ಹರಿದುಹೋಯಿತು. ಮನೆಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ನೀರು ಹಾಳಾಗುತ್ತದೆ ಅನ್ನಲಿಲ್ಲ. ಹಬೆ ಏಳುವ ತನಕ ಕಾದು, ಆಮೇಲೆ ಬಕೆಟ್ ಇಟ್ಟು ಬಿಸಿನೀರು ಹಿಡಿದೆ. ಪಕ್ಕದ ಕೊಡದಿಂದ ತಣ್ಣೀರು ಎತ್ತಿ ಅದರ ಮೇಲೆ ಹಾಕತೊಡಗಿದಾಗ ಹಿರಿಯಾಕೆ ಒಳಗೆ ಬಂದು ನನ್ನ ರಟ್ಟೆ ಹಿಡಿದಳು.

"ಏನ ಮಾಡಲಾಕ್ಕತ್ತಿ? ಇದು ಬದುಕಿದವರಿಗಿ ಬೆರಸೂ ನೀರು."

"ಗೊತ್ತದ" ಅಂದೆ. "ನಮ್ಮಕ್ಕಗ ತಣ್ಣೀರು ತಡಿಯಂಗಿಲ್ಲ."

ಅವಳು ಕೈ ಬಿಟ್ಟಳು. ನಾನು ಮೊಣಕೈ ಅದ್ದಿ ಹದ ನೋಡಿದೆ, ಇನ್ನೊಂದು ಚೊಂಬು ತಣ್ಣೀರು ಬೆರೆಸಿದೆ, ಬಕೆಟ್ ಎತ್ತಿಕೊಂಡು ಅಕ್ಕನ ಹತ್ತಿರ ಹೋದೆ.